ಹೆಡ್‌ಮಿಸ್ಸಮ್ಮನ ಪೆಟ್ಟಿಗೆ

ಶಾಲೆಯ ಗುಮಾಸ್ತನಾಗಿ ಸೇರಿದ ದಿನ ಬೆಂಚೆಂದುಕೊಂಡು ನಾನು ಕುಳಿತು ಊಟ ಮಾಡಿದ್ದು ಹೆಡ್‌ಮಿಸ್ಸಮ್ಮನ ಶವಪೆಟ್ಟಿಗೆಯ ಮೇಲೆ. ನನ್ನ ಬುದ್ಧಿ ಅಷ್ಟೇ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಮಿಷನ್ನಿನಿಂದ ಸಮುದ್ರ ದಾಟಿ ಬಂದಾಗ, ಮರಳುವ ಮಾತೇ ಇಲ್ಲವೆಂದು ಆಕೆ ಅದನ್ನೂ ಹಡಗಿನಲ್ಲಿ ತಂದಿದ್ದರಂತೆ. ಅದರೊಳಗೆ ಸ್ಲೇಟು, ಸೀಮೆಸುಣ್ಣ ಇಡುತ್ತಾರೆ. ವರ್ಷಕ್ಕೊಮ್ಮೆ ಎಲ್ಲ ತೆಗೆಸಿ, ಕನ್ನಡಕ ಬಿಚ್ಚದೆ ಒಳಗೆ ಮಲಗಿ, "ಕಾಲು ಹಿಡಿಸ್ತಾ ನೋಡಪ್ಪ" ಎನ್ನುತ್ತಾರೆ. "ದರ್ಜಿ ಹೊಲಿದ ಹಾಗಿದೆಯಮ್ಮ" ಎಂದು ಹಲ್ಲು ಕಿರಿಯುತ್ತೇನೆ. ಈ ಸಲ ಪಕ್ಕದ ಕೋಣೆಯಲ್ಲಿ ಹಾಸ್ಟೆಲಿನ ಹುಡುಗಿಯೊಬ್ಬಳು ಜ್ವರದಲ್ಲಿ ನರಳುತ್ತಿದ್ದಳು. ಬಗ್ಗಿದರೆ ಮೂಗಿಗೆ ಹಸಿ ಮರದ ವಾಸನೆ. "ಅಮ್ಮಾ, ಅಷ್ಟು ಹಳೇ ಪೆಟ್ಟಿಗೆ ಇಷ್ಟು ಹೊಸದಾಗಿದೆಯಲ್ಲ?" ಆಕೆ ಮಲಗಿದ್ದಲ್ಲಿಂದಲೇ ಹೇಳಿದರು: "ಹಳೇದು ಯಾವತ್ತೋ ಮಣ್ಣಿಗೆ ಹೋಯ್ತು. ಪ್ರತಿ ಸಲ ನನಗೇ ಅಂತ ಮಾಡಿಸ್ತೀನಿ, ಮಕ್ಕಳು ಮುಂಚೆ ಹೋಗಿಬಿಡ್ತಾರೆ."