ಅಕ್ಕನಿಲ್ಲದ ರಾಜನ ಧಾರಾಳ

ಅಮೆರಿಕದಲ್ಲಿ, ವಾಷಿಂಗ್ಟನ್ ಪಕ್ಕದ ನಮ್ಮ ರಾಕ್‌ವಿಲ್‌ನ ಕನ್ನಡದವರ ಊಟದ ಕೂಟಗಳಲ್ಲಿ ನನ್ನ ಪಕ್ಕ ಕೂರಲು ಜನ ಹಿಂಜರಿಯುತ್ತಾರೆ. ವೀಸಾ, ಮಕ್ಕಳ ಸ್ಕೂಲು ಎಂದು ಮಾತು ಸರಾಗವಾಗಿ ಸಾಗುವಾಗ ನಾನು ನಡುವೆ ಯಾವನೋ ಒಬ್ಬ ರಾಜನನ್ನು ಎಳೆದು ತರುತ್ತೇನೆ. ಲೈಬ್ರರಿಯಿಂದ ರಾಜರ ಚರಿತ್ರೆ ತಂದು ಓದುವುದು ನನ್ನ ಹುಚ್ಚು. ತೊಂಬತ್ತೈದರ ಬೇಸಿಗೆಯಲ್ಲಿ ಕೈಗೆ ಸಿಕ್ಕವನು ನಾರ್ವೆಯ ಮ್ಯಾಗ್ನಸ್.

ಹದಿಮೂರನೆಯ ಶತಮಾನದವನು. ಅಪ್ಪ ಬಿಟ್ಟುಹೋದ ಯುದ್ಧವನ್ನು ಮುಂದುವರಿಸದೆ, ದೂರದ ದ್ವೀಪಗಳನ್ನು ಸ್ಕಾಟ್ಲೆಂಡಿಗೆ ಬಿಟ್ಟುಕೊಟ್ಟು ಸಂಧಿ ಮಾಡಿಕೊಂಡ. ಆಮೇಲೆ ಸೀಮೆಗೊಂದರಂತಿದ್ದ ಕಾನೂನುಗಳನ್ನು ತಿದ್ದಿ ಇಡೀ ನಾಡಿಗೆ ಒಂದೇ ಕಾನೂನು ಮಾಡಿದ. ಬೇರೆ ದಾರಿಯಿಲ್ಲದೆ ಹೊಟ್ಟೆಗಾಗಿ ಕದ್ದವನನ್ನು ದಂಡಿಸಬಾರದೆಂದ. ಗಂಡುಮಕ್ಕಳಿದ್ದರೂ ಹೆಣ್ಣುಮಕ್ಕಳಿಗೆ ಅವರ ಅರ್ಧದಷ್ಟು ಪಾಲು ಸಿಗಬೇಕೆಂದ. ಅರ್ಧವೇ, ಎಂದು ನಾನು ಮೂಗು ಮುರಿದೆ.

ಆಗಲೇ ಮೈಸೂರಿನಿಂದ ಅಣ್ಣ ಬಂದ. ವಾಷಿಂಗ್ಟನ್ ನೋಡಲು ಬಂದಿದ್ದಾನೆಂದು ನಾನು ಹಿಗ್ಗಿದ್ದೆ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ ಕಾಗದವೊಂದನ್ನು ಮುಂದಿಟ್ಟ. ಅಪ್ಪ ತೀರಿಕೊಂಡಾಗಿತ್ತು, ಅಜ್ಜನ ಕಾಲದ ಮನೆಯನ್ನು ಮಾರಬೇಕಂತೆ.

"ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಹೊಸ ಕಾನೂನು ಬಂದಿದೆ ಕಣೇ. ಆದ್ರೆ ಅದಕ್ಕೆ ಮುಂಚೆ ಮದುವೆ ಆದೋರಿಗೆ ಅದರಲ್ಲಿ ಏನೂ ಇಲ್ಲ. ಪಾಲು ಬೇಡ ಅಂತ ಇಲ್ಲೊಂದು ಸೈನ್ ಹಾಕ್ಬಿಡು."

"ಏನೂ ಇಲ್ಲ ಅಂದ್ಮೇಲೆ ನನ್ ಸೈನ್ ಯಾಕಣ್ಣ?"

"ಕೊಂಡ್ಕೊಳ್ಳೋರ ಸಮಾಧಾನಕ್ಕೆ."

ಸಿಟ್ಟು ಬಂದಾಗಲೂ ನನಗೆ ನೆನಪಾಗುವುದು ರಾಜರೇ. ಮ್ಯಾಗ್ನಸ್‌ನ ಕಥೆಯನ್ನೆಲ್ಲ ಹೇಳಿದೆ. ಅಣ್ಣ ಸಾವಧಾನವಾಗಿ ಕೇಳಿಸಿಕೊಂಡ.

"ಅವನಿಗೆ ಅಕ್ಕ ತಂಗಿ ಇದ್ರಾ?"

"ಒಬ್ಬಳು ಅಕ್ಕ. ಸ್ಪೇನಿಗೆ ಮದುವೆ ಮಾಡಿ ಕಳಿಸಿದ್ರು. ಇವನು ಕಾನೂನು ಮಾಡೋ ಹೊತ್ತಿಗೆ ಅಲ್ಲೇ ತೀರ್ಕೊಂಡಿದ್ಲು."

"ಅದಕ್ಕೇ ಅಷ್ಟು ಧಾರಾಳ," ಎಂದು ಅಣ್ಣ ನಕ್ಕ.

ನನಗೆ ನಗು ಬರಲಿಲ್ಲ. ನಮ್ಮ ತಂಗಿ ಶಾರದೆಗೆ ಮದುವೆಯಾಗಿರಲಿಲ್ಲ. ಅದೇ ಮನೆಯ ಹಜಾರದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಹೊಸ ಕಾನೂನು ಬಂದಿದ್ದೇ ಅವಳಂಥವರಿಗಾಗಿ.

"ಶಾರದಾ ಏನಂದ್ಲು?"

"ಅವಳ ಸೈನ್ ಆಯ್ತಲ್ಲ. ನಿನ್ನ ಥರ ಒಂದು ಮಾತೂ ಕೇಳ್ಲಿಲ್ಲ."

ನಾನು ಸಹಿ ಹಾಕಲಿಲ್ಲ. ಅಣ್ಣ ವಾಷಿಂಗ್ಟನ್ ನೋಡದೆಯೇ ಹೊರಟುಹೋದ. ನನ್ನ ಸಹಿಯಿಲ್ಲದೆಯೇ ಮನೆಯೂ ಮಾರಾಟವಾಯಿತು.

ದೀಪಾವಳಿಗೆ ಶಾರದೆಗೆ ಫೋನ್ ಮಾಡಿದೆ. ಅಷ್ಟು ಹೊತ್ತಿಗೆ ಅವಳು ಒಂದು ಬಾಡಿಗೆ ಕೋಣೆ ಹಿಡಿದಿದ್ದಳು.

"ಯಾಕೆ ಬರ್ಕೊಟ್ಟೆ?"

"ಪಾಲು ಕೇಳಿದ್ರೆ ಅಣ್ಣ ಮಾತು ಬಿಡ್ತಿದ್ದ ಅಕ್ಕ. ನೀನು ದೂರ ಇದೀಯ, ಜಗಳ ಆಡ್ಬಹುದು. ನಂಗೆ ಈ ಊರಲ್ಲಿ ಇನ್ಯಾರಿದಾರೆ?"

ಪಾಲು ಕೇಳಿದ ತಂಗಿಯನ್ನು ಅಣ್ಣ ಮೊದಲಿನಂತೆಯೇ ಮಾತನಾಡಿಸಬೇಕು ಎಂದು ಯಾವ ಕಾನೂನಿನಲ್ಲಿ ತಾನೇ ಬರೆಯಲು ಬರುತ್ತದೆ?

"ಈಗ ಮಾತಾಡಿಸ್ತಾನಾ?" ಎಂದೆ.

ಶಾರದೆ ಹೇಳಿದಳು: "ಎದುರಿಗೆ ಸಿಕ್ರೆ ಮಾತಾಡಿಸ್ತಾನೆ."