ಹುಬ್ಬುಗಳ ನಡುವಿನ ಎರಡು ಗೆರೆ

ನನ್ನ ಮುಖ ನನ್ನ ಮಾತು ಕೇಳುವುದಿಲ್ಲ. ಒಳಗೆ ನಾನು ಹುಣಸೆಹಣ್ಣು ನೆನೆಹಾಕಿದ್ದೇನೋ ಇಲ್ಲವೋ ಎಂದು ಯೋಚಿಸುತ್ತಿದ್ದರೆ, ಹೊರಗೆ ಮುಖ ಯಾರನ್ನೋ ಮನೆಯಿಂದ ಆಚೆ ಹಾಕುವ ತಯಾರಿಯಲ್ಲಿರುತ್ತದೆ. ಹುಬ್ಬುಗಳ ನಡುವೆ ಬೇರೂರಿ ನಿಂತ ಎರಡು ಗೆರೆಗಳ ಕೆಲಸವಿದು.

ಅವನ್ನು ನಾನೇನೂ ಸಿಟ್ಟು ಮಾಡಿಕೊಂಡು ಗಳಿಸಿದ್ದಲ್ಲ. ಆಟೋ ನಗರದಲ್ಲಿ ನಮ್ಮದು ಬಿಡಿಭಾಗಗಳ ಅಂಗಡಿ. ಎದುರಿನ ಗ್ಯಾರೇಜಿನ ತಗಡಿನ ಮೇಲೆ ಬಿದ್ದ ಬಿಸಿಲು ಮಧ್ಯಾಹ್ನವಿಡೀ ನನ್ನ ಗಲ್ಲಾಪೆಟ್ಟಿಗೆಗೇ ಬಂದು ಬಡಿಯುತ್ತದೆ. ಹುಬ್ಬು ಗಂಟಿಕ್ಕುವುದೆಂದರೆ ಕಣ್ಣಿಗೆ ನಾವೇ ಹಾಕಿಕೊಳ್ಳುವ ಚಪ್ಪರ. ನನ್ನ ಚಪ್ಪರ ಹಾಕಿದ್ದು ಹಾಕಿದಂತೆಯೇ ಉಳಿದುಬಿಟ್ಟಿತು. ಅದರಿಂದ ಲಾಭವೂ ಇತ್ತೆನ್ನಿ. ಚೌಕಾಶಿಗೆಂದು ಬಾಯಿ ತೆರೆದ ಗಿರಾಕಿಗಳು ನನ್ನ ಹಣೆ ನೋಡಿ ಹಾಗೆಯೇ ಮುಚ್ಚುತ್ತಿದ್ದರು.

ತೊಂದರೆ ಶುರುವಾದದ್ದು ಮನೆಗೆ ಸೊಸೆ ಬಂದ ಮೇಲೆ. ಅಶ್ವಿನಿ ಪಾರಿಶ್ವಾಡದ ಹುಡುಗಿ, ಕಣ್ಣು ಚುರುಕು. ಬಂದ ವಾರದಿಂದಲೇ ನನ್ನ ಹಣೆಯನ್ನು ಓದತೊಡಗಿದಳು, ಓದಿದ್ದೆಲ್ಲ ತಪ್ಪೇ.

"ಅತ್ತೀ, ಪಲ್ಯಾಕ ಉಪ್ಪು ಹೆಚ್ಚಾತೇನ್ರಿ?"

"ಇಲ್ಲವಾ, ಬರೋಬ್ಬರಿ ಐತಿ."

"ಮತ್ತ ಸಿಟ್ಯಾಕ ಆಗೀರಿ?"

ನಾನು ಇನ್ನೂ ಬಾರದ ಕ್ಲಚ್ ಪ್ಲೇಟಿನ ಬಗ್ಗೆ ಯೋಚಿಸುತ್ತಿದ್ದೆನೆಂದರೆ ಅವಳಾದರೂ ಹೇಗೆ ನಂಬಬೇಕು? ಒಂದು ಸಂಜೆ ಅವಳು ಅಡುಗೆಮನೆಯಲ್ಲಿ ನನ್ನ ಮಗನ ಜೊತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎಂಥ ನಗು! ನನಗೂ ಪಾಲು ಬೇಕೆನಿಸಿ ಒಳಗೆ ಹೋದೆ. ನಲ್ಲಿ ತಿರುಗಿಸಿದಂತೆ ನಗು ನಿಂತಿತು. ಅಂದು ನನಗೆ ನಿಜಕ್ಕೂ ನೋವಾಯಿತು. ನನ್ನ ಮನೆಯಲ್ಲಿ ಒಂದು ಹೆಣ್ಣುಮಗು ನನ್ನ ಮುಖ ಕಂಡು ನಗು ನುಂಗುವುದೆಂದರೆ ಏನು? ಮುಖವನ್ನೇ ರಿಪೇರಿಗೆ ಬಿಡುವುದೆಂದು ತೀರ್ಮಾನಿಸಿದೆ. ಕೆಟ್ಟ ಭಾಗ ಬದಲಿಸುವ ದಂಧೆಯವಳಿಗೆ ಇದರಲ್ಲಿ ಸಂಕೋಚವೇನೂ ಕಾಣಲಿಲ್ಲ.

ಬೆಳಗಾವಿಯಲ್ಲಿ ಈಗ ಸುಕ್ಕಿಗೆ ಸೂಜಿ ಹಾಕುವ ದವಾಖಾನೆಗಳಿಗೆ ಬರವಿಲ್ಲ. ಅಂಥದೊಂದಕ್ಕೆ ಹೋದೆ. ಅಲ್ಲಿನ ಡಾಕ್ಟರ್ ನನ್ನ ಸೊಸೆಯ ವಯಸ್ಸಿನವಳು.

"ಕಾಕೂ, ಖರೇ ಹೇಳ್ರಿ, ಸಣ್ಣವರು ಕಾಣಬೇಕೇನ್ರಿ?"

"ಸಣ್ಣಾಕಿ ಕಾಣೂದು ಬ್ಯಾಡವಾ. ಸಿಟ್ಟಿಲ್ಲದಾಕಿ ಕಂಡರ ಸಾಕು."

ಅವಳೇ ವಿವರಿಸಿದಳು. ಸೂಜಿಯಲ್ಲಿ ಹಾಕುವ ಈ ಔಷಧಿ ಮೂಲತಃ ವಿಷವಂತೆ. ಕೆಟ್ಟ ಆಹಾರದಲ್ಲಿ ಹುಟ್ಟಿದರೆ ಮನುಷ್ಯನ ಕೈಕಾಲನ್ನೇ ನಿಲ್ಲಿಸಬಲ್ಲದು. ಅದನ್ನೇ ಚೂರೇ ಚೂರು ಕೊಟ್ಟು ಮೊದಲು ಮೆಳ್ಳೆಗಣ್ಣು ಸರಿಮಾಡಿದರು, ಆಮೇಲೆ ಸುಕ್ಕಿನ ಕಡೆ ಬಂದರು. ಗೆರೆಯನ್ನು ಅಳಿಸುವುದಿಲ್ಲ, ಗೆರೆ ಎಳೆಯುವ ಸ್ನಾಯುವನ್ನು ಕೆಲವು ತಿಂಗಳು ರಜೆಯ ಮೇಲೆ ಕಳಿಸುತ್ತದೆ. ಇರುವೆ ಕಚ್ಚಿದಷ್ಟು ನೋವಾಯಿತು, ಅಷ್ಟೇ. ಹೊರಡುವಾಗ ಅವಳು ಎಚ್ಚರಿಸಿದಳು: ಇಂದು ಹಣೆ ತಿಕ್ಕಬಾರದು, ಔಷಧಿ ಆಚೀಚೆ ಸರಿದು ಕಣ್ಣಿನ ರೆಪ್ಪೆ ಇಳಿಬಿದ್ದೀತು.

ನನಗೆ ತಿಳುವಳಿಕೆ ಬಂದಾಗಿನಿಂದ ಮೂರು ಬೆರಳಲ್ಲಿ ವಿಭೂತಿ ಒತ್ತಿ ಎಳೆಯದೆ ಪೂಜೆಗೆ ಕೂತವಳಲ್ಲ ನಾನು. ಅಂದು ಸಂಜೆ ತೋಳಿಗೆ, ಕೊರಳಿಗೆ ಹಚ್ಚಿ ಹಣೆ ಬರಿದಾಗಿ ಬಿಟ್ಟೆ. ಮುಂಜಾಗ್ರತೆಗೆಂದು ಮರುದಿನ ಬೆಳಿಗ್ಗೆಯೂ ಬಿಟ್ಟೆ. ಮನೆಯಲ್ಲಿ ಯಾರಿಗೂ ಸೂಜಿಯ ಸುದ್ದಿ ಹೇಳಿರಲಿಲ್ಲ. ನಾಚಿಕೆಯಿಂದಲ್ಲ; ಮಾಲು ಕೈಗೆ ಬರುವ ಮೊದಲು ಗಿರಾಕಿಗೆ ಮಾತು ಕೊಡಬಾರದೆಂಬುದು ಅಂಗಡಿಯ ಅಭ್ಯಾಸ.

ಬೆಳಗಿನ ಚಹಾ ಮುಗಿಯುವಷ್ಟರಲ್ಲಿ ಅಶ್ವಿನಿಯ ತಾಯಿ ಪಾರಿಶ್ವಾಡದಿಂದ ಬಸ್ಸು ಹಿಡಿದು ಬಂದು ನನ್ನೆದುರು ನಿಂತಿದ್ದರು. ಕೈಯಲ್ಲಿ ಬೆಣ್ಣೆಯ ಡಬ್ಬಿ, ಕಣ್ಣಲ್ಲಿ ನೀರು.

"ಅಕ್ಕಾರ, ನಮ್ಮ ಹುಡಿಗಿ ಏನರೆ ತಪ್ಪು ಮಾಡಿದ್ರ ಬೈರಿ. ಆದ್ರ ಹಣಿಗಿ ವಿಭೂತಿ ಬಿಡೂವಷ್ಟು ಸಿಟ್ಟು ಮಾಡ್ಕೋಬ್ಯಾಡ್ರಿ."

ಬಾಗಿಲ ಬಳಿ ಅಶ್ವಿನಿ ಸೆರಗಿನ ತುದಿ ತಿರುವುತ್ತಿದ್ದಳು. ರಾತ್ರಿಯೇ ತವರಿಗೆ ಫೋನು ಹೋಗಿತ್ತು.

"ಕುಂದರ್ರಿ ಮೊದಲ. ಆಕೀದೇನೂ ತಪ್ಪಿಲ್ಲ. ನಾನು ಹಣಿಗಿ ಸೂಜಿ ಮಾಡಿಸ್ಕೊಂಡೇನಿ," ಎಂದೆ.

"ಹಣಿಗಿ? ಜ್ವರಕ್ಕೇನ್ರಿ?"

"ಸಿಟ್ಟಿಗೆ."

ಬೀಗತಿ ಬಾಯಿ ಬಿಟ್ಟುಕೊಂಡು ನೋಡಿದರು. ಬಾಗಿಲ ಬಳಿ ಮೊದಲು ಕೆಮ್ಮಿನಂತೆ ಏನೋ ಕೇಳಿಸಿತು, ಆಮೇಲೆ ತಡೆ ಒಡೆಯಿತು. ಅಶ್ವಿನಿ ಗೋಡೆಗೆ ಒರಗಿ ನಕ್ಕಳು, ನನ್ನ ಮುಖಕ್ಕೆ ಮುಖ ಕೊಟ್ಟು ನಕ್ಕಳು. ಔಷಧಿ ಇನ್ನೂ ಕೆಲಸವನ್ನೇ ಶುರುಮಾಡಿರಲಿಲ್ಲ.

ಶುರುವಾದ ಮೇಲೆ ಹಣೆ ಸಾಣೆ ಹಿಡಿದಂತೆ ನುಣುಪಾಯಿತು. ಅಂಗಡಿಯಲ್ಲಿ ಚೌಕಾಶಿ ಹೆಚ್ಚಿತು, ಇರಲಿ. ಮನೆಯಲ್ಲಿ ನಾನು ಬಾಯಿಬಿಟ್ಟು ಮಾತಾಡುವುದನ್ನು ಕಲಿಯಬೇಕಾಯಿತು. ಇಷ್ಟು ವರ್ಷ ಆ ಕೆಲಸವನ್ನೂ ಹುಬ್ಬಿಗೇ ವಹಿಸಿದ್ದೆನೆಂದು ಆಗ ತಿಳಿಯಿತು. "ಅಶ್ವಿನಿ, ಈಗ ನನಗ ಖರೇನ ಸಿಟ್ಟು ಬಂದೈತಿ ನೋಡು," ಎಂದರೆ, "ಎಲ್ಲೈತ್ರಿ, ತೋರಸ್ರಿ," ಎಂದು ಹತ್ತಿರ ಬಂದು ಹುಡುಕುತ್ತಿದ್ದಳು.

ತಿಂಗಳುಗಳು ಕಳೆದವು, ಸ್ನಾಯುವಿನ ರಜೆ ಮುಗಿಯಿತು, ಗೆರೆಗಳು ಎಂದಿನ ಜಾಗಕ್ಕೆ ಬಂದು ನಿಂತವು. ಮನಸ್ಸಾದರೆ ಮತ್ತೆ ಹೋಗುತ್ತೇನೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮೊನ್ನೆ ಸಂಜೆ ಅಶ್ವಿನಿ ರೊಟ್ಟಿ ಬಡಿಯುತ್ತ ಓಣಿಯ ಕಥೆಯೊಂದನ್ನು ರಸವತ್ತಾಗಿ ಹೇಳುತ್ತಿದ್ದಳು. ಕೇಳುತ್ತಿದ್ದಂತೆಯೇ ನನ್ನ ಹುಬ್ಬು ಗಂಟಾಯಿತು. ಅವಳು ಮಾತು ನಿಲ್ಲಿಸಿ ನನ್ನ ಹಣೆ ನೋಡಿದಳು. ಸಿಟ್ಟಲ್ಲ ಎನ್ನಲು ನಾನು ಚಹಾದ ಲೋಟ ಕೆಳಗಿಟ್ಟೆ.

ಅಷ್ಟರಲ್ಲಿ ಅವಳು ಎದ್ದು, ಹಿಟ್ಟಿನ ಕೈ ತಾಗದಂತೆ ಮೊಣಕೈಯಿಂದ ಕಿಟಕಿಯ ಪರದೆ ಸರಿಸಿದಳು. "ಬಿಸಲು ಕಣ್ಣಿಗೆ ಬಡ್ಯಾಕತ್ತಿತ್ತಲ್ರಿ," ಎಂದು ಕೂತು, ಕಥೆಯನ್ನು ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದಳು.