ಅಣ್ಣನ ಮಾತು ಮೀರಿದ ಎನೋಸ್

ಐವತ್ತೆಂಟು ವರ್ಷಗಳಲ್ಲಿ ಎನೋಸ್ ಒಮ್ಮೆಯೂ ಅಣ್ಣನ ಮಾತು ಮೀರಿದವನಲ್ಲ. ಆ ಅಣ್ಣನಿಗೆ ಈಗ ಇಪ್ಪತ್ತಾರು ವರ್ಷ. ಅದೂ ಹೆಣ್ಣು, ಅದೂ ಅವನದೇ ಮಗಳು. ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯಲ್ಲಿ ಇದನ್ನು ಕೇಳಿ ಯಾರೂ ನಗುವುದಿಲ್ಲ. ಅವನ ಅಣ್ಣ ಕುನುಕ್ ಸೀಲ್ ಬೇಟೆಗೆ ಹೋದಾಗ ಕಾಲಡಿಯ ಕಡಲಹಿಮ ಒಡೆದು ಮುಳುಗಿಹೋದ. ಮರುವರ್ಷ ಎನೋಸನಿಗೆ ಹುಟ್ಟಿದ ಹೆಣ್ಣುಕೂಸಿಗೆ ಅದೇ ಹೆಸರಿಟ್ಟರು. ಹೆಸರು ಮರಳಿತೆಂದರೆ ಮನುಷ್ಯನೇ ಮರಳಿದ ಹಾಗೆ. ಅಂದಿನಿಂದ ಅಪ್ಪ ಮಗಳನ್ನು ಅಣ್ಣಾ ಎನ್ನುತ್ತಾನೆ, ಮಗಳು ಅಪ್ಪನನ್ನು ತಮ್ಮಾ ಎನ್ನುತ್ತಾಳೆ.

ನಗುವುದಿದ್ದರೆ ಎನೋಸನ ವಿಧೇಯತೆಗೆ ನಗಬೇಕು. ಅವಳಿನ್ನೂ ಕೂಸಾಗಿದ್ದಾಗಲೇ, ದೋಣಿಗೆ ಬಣ್ಣ ಬಳಿಯಬೇಕಾದರೂ ಅವಳನ್ನು ಕೇಳುತ್ತಿದ್ದ. "ಏನು, ತೊಟ್ಟಿಲಲ್ಲಿರೋ ಅಣ್ಣ ಅಪ್ಪಣೆ ಕೊಟ್ಟನಾ?" ಎಂದು ಹೆಂಡತಿ ಮಿಕೆಲಿನೆ ಚುಚ್ಚುತ್ತಿದ್ದಳು. ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಕುನುಕ್ ಓದಿ ಕಲ್ಲಿನ ವಿಜ್ಞಾನಿಯಾದಳು. ಐದು ವರ್ಷಗಳಿಂದ ಪ್ರತಿ ವಸಂತದಲ್ಲೂ ಎನೋಸನ ನಾಯಿಬಂಡಿಯಲ್ಲಿ ಹಿಮನದಿ ಹತ್ತಿ ನುನಾಟಕ್‌ಗೆ ಹೋಗುತ್ತಿದ್ದಳು. ಹಿಮದ ಹಾಸನ್ನು ಸೀಳಿ ಮೇಲೆದ್ದ ಬೋಳು ಶಿಖರಗಳಿಗೆ ಅಲ್ಲಿಯವರು ಹೇಳುವ ಹೆಸರದು. ಈ ಸಲದ್ದು ಕೊನೆಯ ಪಯಣ. ಹಿಂದಿನ ವರ್ಷಗಳಲ್ಲಿ ಅಳೆದು ಗುರುತಿಟ್ಟಿದ್ದ ಜಾಗಗಳಲ್ಲಿ, ಶಿಖರದ ಬುಡದಿಂದ ನೆತ್ತಿಯವರೆಗೆ, ಕಲ್ಲಿನ ಚಕ್ಕೆ ಒಡೆದು ತೆಗೆದು, ಚೀಟಿ ಅಂಟಿಸಿ, ಪೆಟ್ಟಿಗೆ ತುಂಬಿಸಿದ್ದಳು.

"ಮನೆ ಹತ್ರ ಕಲ್ಲಿರಲಿಲ್ವಾ ಅಣ್ಣಾ?" ಎಂದು ಎನೋಸ್ ಪೆಟ್ಟಿಗೆ ಎತ್ತುತ್ತ ಗೊಣಗಿದ.

"ಇಂಥದ್ದಿಲ್ಲ ತಮ್ಮಾ. ಈ ಕಲ್ಲು ಹಿಮದಿಂದ ತಲೆ ಹೊರಗೆ ಹಾಕಿದ ದಿನದಿಂದ ಆಕಾಶದ ಕಿರಣ ಬಿದ್ದು ಅದರೊಳಗೆ ಗುರುತು ಕೂಡ್ತಾ ಬಂದಿದೆ. ಅದನ್ನ ಅಳೆದ್ರೆ ಹಿಂದೆ ಹಿಮ ಎಲ್ಲೀತನಕ ಇತ್ತು, ಎಷ್ಟು ಬೇಗ ಇಳೀತು ಅಂತ ಗೊತ್ತಾಗುತ್ತೆ. ಮುಂದೆ ಹೇಗೆ ಕರಗಬಹುದು ಅಂತ ಹೇಳೋಕೆ ಅದೇ ಆಧಾರ."

ಅಷ್ಟರಲ್ಲಿ ಗಾಳಿ ಪೂರ್ತಿ ನಿಂತಿತು. ನಾಯಿಗಳು ಕಿವಿ ಮಡಚಿದವು. ಒಳನಾಡಿನ ಹಿಮಹಾಸಿನ ಮೇಲೆ ಬಿಳಿ ಹೊಗೆಯಂಥದ್ದು ಏಳುತ್ತಿತ್ತು. ಪಿಟೆರಾಕ್! ಮನೆಯ ಸೂರನ್ನೇ ಕಿತ್ತೊಯ್ಯುವ ಗಾಳಿ. ಅದು ಬಂದು ತಲುಪುವ ಮೊದಲೇ ಕೆಳಗಿಳಿಯಬೇಕಿತ್ತು.

ಕಡಿದಾದ ಇಳಿಜಾರಿನಲ್ಲಿ ನಾಯಿಗಳನ್ನು ಬಂಡಿಯ ಹಿಂದೆ ಕಟ್ಟುವುದು ಪದ್ಧತಿ. ಅವು ಹಿಂದಕ್ಕೆ ಜಗ್ಗುತ್ತ ಬಂಡಿಯನ್ನು ತಡೆದು ಇಳಿಸುತ್ತವೆ. ಎನೋಸ್ ಹಗ್ಗ ಬಿಚ್ಚಲು ಬಗ್ಗಿದ.

"ಬಿಡು, ಅದಕ್ಕೆಲ್ಲ ಹೊತ್ತಿಲ್ಲ. ನಾಯಿ ಮುಂದೇನೇ ಇರಲಿ, ಹೊಡಿ!" ಎಂದಳು ಕುನುಕ್.

"ಭಾರ ಜಾಸ್ತಿ ಇದೆ ಅಣ್ಣಾ..."

"ತಮ್ಮಾ, ಹೊಡಿ ಅಂದೆ."

ತಪ್ಪೆಂದು ಅವನಿಗೆ ಗೊತ್ತಿತ್ತು. ಬೇರೆ ಯಾರಾದರೂ ಹೇಳಿದ್ದರೆ ಉಗಿದು ಕಳಿಸುತ್ತಿದ್ದ. ಆದರೆ ಹೇಳಿದ್ದು ಅಣ್ಣ. ಹೊಡೆದ.

ಬಂಡಿ ಹಿಡಿತ ತಪ್ಪಿ ಧಾವಿಸಿತು. ಮುಂದೆ ಹಿಮನದಿಯ ಬಿರುಕೊಂದನ್ನು ಹಿಮದ ಪದರ ಮುಚ್ಚಿತ್ತು. ಎಂಟು ನಾಯಿಗಳೂ ಅದರ ಮೇಲೆ ಹಗುರಾಗಿ ದಾಟಿದವು. ಬಂಡಿಯ ಭಾರಕ್ಕೆ ಅದು ಕುಸಿಯಿತು. ಹಿಂದೆ ನಿಂತಿದ್ದ ಎನೋಸ್ ಈಚೆ ಅಂಚಿಗೆ ಬಿದ್ದು ಬಂಡಿಯ ಹಿಡಿಕೆಯನ್ನು ತಬ್ಬಿಕೊಂಡ. ಬಂಡಿ ಮೂತಿ ಕೆಳಗಾಗಿ ತೂಗಾಡಿತು. ಬಂಡಿಯ ಮೇಲೆ ಕೂತಿದ್ದ ಕುನುಕ್ ಜಾರಿ, ಹಿಡಿಕೆಗೆ ಬಿಗಿದಿದ್ದ ಸೊಂಟದ ಹಗ್ಗದಲ್ಲಿ ಬಿರುಕಿನ ನೀಲಿ ಕತ್ತಲೆಯ ಮೇಲೆ ನೇತಾಡಿದಳು.

"ಮಲಗಿ! ಮಲಗಿ!" ಎಂದು ಆಚೆ ಅಂಚಿನ ನಾಯಿಗಳಿಗೆ ಅರಚಿದ. ಅವು ಒಂದು ಹೆಜ್ಜೆ ಎಳೆದಿದ್ದರೆ ಮುಗಿದೇಹೋಗುತ್ತಿತ್ತು. ಅವು ಮಲಗಿದವು. ಆದರೂ ಬಂಡಿ ಬೆರಳಿನಷ್ಟು ಜಾರಿತು, ಮತ್ತೆ ಬೆರಳಿನಷ್ಟು.

"ಮೊದಲು ಪೆಟ್ಟಿಗೆ ತಗೋ!" ಕೆಳಗಿನಿಂದ ಕುನುಕ್ ಕೂಗಿದಳು. "ಕೈಗೆ ಸಿಗುತ್ತೆ, ಬಿಚ್ಚಿ ಮೇಲೆ ಎಳ್ಕೋ. ಆಮೇಲೆ ನನ್ನ ಎತ್ತು."

ಪೆಟ್ಟಿಗೆ ಎತ್ತಲು ಎರಡು ಕೈ ಬೇಕು. ಎರಡು ಕೈ ಬಿಟ್ಟರೆ ಬಂಡಿ ಹೋಗುತ್ತದೆ. ಎನೋಸ್ ಒಂದೇ ಕೈಯಲ್ಲಿ ಚಾಕು ಹಿರಿದ.

"ಏ ತಮ್ಮಾ! ಏನ್ ಮಾಡ್ತಿದ್ದೀಯ? ಐದು ವರ್ಷದ ಕೆಲಸ ಅದು! ಕುಯ್ಯಬೇಡ! ನಾನು ಹೇಳ್ತಿದ್ದೀನಿ, ಕುಯ್ಯಬೇಡ!"

"ಗೋಡೆಗೆ ಒತ್ಕೋ, ಅಣ್ಣಾ," ಎಂದ ಎನೋಸ್. ಪೆಟ್ಟಿಗೆ ಕಟ್ಟಿದ್ದ ತೊಗಲಿನ ಪಟ್ಟಿಯನ್ನು ಕುಯ್ದೇಬಿಟ್ಟ.

ಕಲ್ಲುಗಳು ಬಹಳ ಹೊತ್ತು ಬಡಿದುಕೊಳ್ಳುತ್ತ ಇಳಿದವು. ಬಂಡಿ ಹಗುರಾಗಿ ನಿಂತಿತು. ಹಗ್ಗವನ್ನು ತೋಳಿಗೆ ಸುತ್ತಿ, ಹಿಮ್ಮಡಿ ಊರಿ, ಅವನು ಎಳೆದ. ಅಂಗೈ ಸುಲಿದರೂ ಎಳೆದ. ಕೊನೆಗೆ ಅವಳ ಮೊಣಕೈ ಅಂಚಿನ ಮೇಲೆ ಬಂತು.

ಮೇಲೆ ಬಂದವಳೇ ಅವನ ಎದೆಗೆ ಗುದ್ದಿದಳು. "ಯಾರೋ ಕುಯ್ಯೋಕೆ ಹೇಳಿದ್ದು ನಿಂಗೆ? ಬೇಡ ಅಂದೆ ತಾನೆ? ನನ್ನ ಮಾತು ಕೇಳಿಸ್ಲಿಲ್ವಾ?"

"ಕೇಳಿಸ್ತು. ಬೈಯಿ ಅಣ್ಣಾ, ಇನ್ನೂ ಬೈಯಿ," ಎಂದ ಎನೋಸ್. ಅವನು ಬಿಕ್ಕಿಬಿಕ್ಕಿ ಅಳುತ್ತಿದ್ದ. ಇಪ್ಪತ್ತೇಳು ವರ್ಷಗಳ ಹಿಂದೆ ಒಡೆಯುತ್ತಿದ್ದ ಹಿಮದ ಮೇಲಿಂದ ಅಣ್ಣ, "ಹತ್ತಿರ ಬರಬೇಡ, ಅಲ್ಲೇ ನಿಲ್ಲು" ಎಂದಿದ್ದ. ಎನೋಸ್ ಅಲ್ಲೇ ನಿಂತಿದ್ದ. ಆಮೇಲೆ ಅವನನ್ನು ಬೈಯಲು ಅಣ್ಣ ಇರಲಿಲ್ಲ.